ಕಾಲುವೆಗೆ ನೀರು ಬಿಡುವ ಮೊದಲು

ಕಂಪ್ಲಿಯ ಹತ್ತಿರ ಹೊಳೆಯ ದಂಡೆಯಿಂದ ಸಂಡೂರಿನ ಗುಡ್ಡದ ಬುಡದವರೆಗೆ ಒಂದು ಪೈಪು ಎಳೆಯಬೇಕಿತ್ತು. ಒಂದೇ ಮಾತಿನಲ್ಲಿ ಹೇಳಿ ಮುಗಿಸಬಹುದಾದ ಈ ಕೆಲಸ ನನ್ನ ಬದುಕಿನ ಒಂದು ಇಡೀ ಬೇಸಿಗೆಯನ್ನು ತಿಂದುಹಾಕಿತು. ಅದರ ಆಯಾಸ ನನ್ನ ಮೈಯಿಂದ ಇಳಿಯಲು ಮತ್ತೊಂದು ಬೇಸಿಗೆ ಬೇಕಾಯಿತು.

ಅದು ಅದಿರಿನ ಭರಾಟೆಯ ಕಾಲ. ಗುಡ್ಡದಲ್ಲಿ ಅಗೆದದ್ದನ್ನು ಅಗೆದ ಹಾಗೆಯೇ ಲಾರಿಗೆ ತುಂಬಿ ಬಂದರಿಗೆ ಕಳಿಸಿದರೂ ಕೊಳ್ಳುವವರಿದ್ದರು. ಹೊಸಪೇಟೆಯ ಸುತ್ತ ಲಾರಿಗಳ ಸಾಲು ನಿಂತರೆ ಅರ್ಧ ದಿನ ಕದಲುತ್ತಿರಲಿಲ್ಲ. ಒಗೆದು ಹಾಕಿದ ಬಿಳಿ ಬಟ್ಟೆ ಒಣಗುವಷ್ಟರಲ್ಲಿ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತಿತ್ತು. ನಮ್ಮ ಕಂಪನಿ ಸ್ವಲ್ಪ ಮುಂದಿನದನ್ನು ಯೋಚಿಸಿ, ಆ ಭರಾಟೆಯಲ್ಲೂ ಯಾರೂ ಕೊಳ್ಳದ ಕಳಪೆ ಅದಿರಿನ ಪುಡಿಯನ್ನು ತೊಳೆದು ಒಳ್ಳೆಯದು ಮಾಡುವ ಘಟಕವೊಂದನ್ನು ಕಟ್ಟಲು ಹೊರಟಿತ್ತು. ತೊಳೆಯಲು ನೀರು ಬೇಕಲ್ಲ, ಅದು ಹೊಳೆಯಲ್ಲಿತ್ತು.

ಕೆಲಸವನ್ನು ನಾಲ್ಕು ಭಾಗ ಮಾಡಿದ್ದರು: ಹೊಳೆಯ ದಂಡೆಯ ಪಂಪ್‌ಹೌಸು, ಪೈಪಿನ ಸಾಲು, ಕರೆಂಟಿನ ಲೈನು, ಗುಡ್ಡದ ಬುಡದ ಘಟಕ. ಒಂದೊಂದಕ್ಕೂ ಒಬ್ಬ ಮ್ಯಾನೇಜರ್. ನಾನು ಸಿವಿಲ್ ಎಂಜಿನಿಯರ್. ಹೊಸಪೇಟೆಯಲ್ಲಿ ಬಾಡಿಗೆ ಮನೆಯೊಂದರಲ್ಲಿದ್ದ ನಮ್ಮ ಆಫೀಸಿನಲ್ಲಿ ಕುಳಿತು ವೇಳಾಪಟ್ಟಿ ಮಾಡುವುದು ನನ್ನ ಕೆಲಸ. ಪ್ರತಿ ವಾರದ ಸಭೆಯಲ್ಲಿ ನಾಲ್ವರೂ ಒಂದೇ ಮಾತು ಹೇಳುತ್ತಿದ್ದರು. “ನಮ್ದು ಆಗ್ತೈತ್ರಿ.” ನಾಲ್ಕು ‘ಆಗ್ತೈತಿ’ಗಳನ್ನು ಜೋಡಿಸಿದರೆ ಮಾತ್ರ ಪಂಪು ಬರುವ ಮೊದಲೇ ಕರೆಂಟು, ಪೈಪು ಮುಗಿಯುವ ಮೊದಲೇ ಘಟಕ, ಹೀಗೆ ಎಲ್ಲವೂ ಒಂದರ ಕಾಲು ಒಂದು ತುಳಿಯುತ್ತಿದ್ದವು.

ಇದನ್ನು ನಾನು ಒಮ್ಮೆ ಸಭೆಯಲ್ಲಿ ತೋರಿಸಿದೆ. ನಮ್ಮ ಡೈರೆಕ್ಟರ್ ಬೆಂಗಳೂರಿನ ಕಡೆಯವರು, ಚುರುಕು ಬುದ್ಧಿ, ತಾಳ್ಮೆ ಕಡಿಮೆ. ಹಾಳೆಯನ್ನು ನೋಡಿ, “ಹಾಗಾದ್ರೆ ಇವರನ್ನೆಲ್ಲ ಒಟ್ಟಿಗೆ ಹಿಡಿಯೋಕೆ ಒಬ್ಬರು ಬೇಕು. ನೀವೇ ಮಾಡಿ” ಎಂದರು. ಮರುದಿನದಿಂದ ನಾನು ಪ್ರೋಗ್ರಾಂ ಮ್ಯಾನೇಜರ್. ಹೆಸರು ದೊಡ್ಡದು. ಕೈಕೆಳಗೆ ಯಾರೂ ಇಲ್ಲ. ನಾಲ್ವರಲ್ಲಿ ಯಾರೂ ನನ್ನ ಮಾತು ಕೇಳಬೇಕೆಂಬ ನಿಯಮವೂ ಇರಲಿಲ್ಲ.

ಮುಖ್ಯ ಕಚೇರಿಯಿಂದ ಒಂದು ನಮೂನೆ ಬಂತು. ಯೋಜನೆಗೆ ಬರಬಹುದಾದ ಅಪಾಯಗಳನ್ನು ಬರೆದು, ಪ್ರತಿಯೊಂದೂ ಆಗುವ ಸಾಧ್ಯತೆಗೆ ಒಂದು ಅಂಕ, ಆದಲ್ಲಿ ಎಷ್ಟು ಕೆಡುಕು ಎಂಬುದಕ್ಕೆ ಒಂದು ಅಂಕ ಕೊಟ್ಟು, ಗುಣಿಸಿ, ಕೆಂಪು, ಹಳದಿ, ಹಸಿರು ಬಣ್ಣ ಹಚ್ಚಬೇಕು. ನಾನು ಶ್ರದ್ಧೆಯಿಂದ ತುಂಬಿದೆ. ಭೂಕಂಪ, ಮುಷ್ಕರ, ಸಿಮೆಂಟಿನ ಅಭಾವ, ಎಲ್ಲವೂ ಇದ್ದವು. ನೋಡಲು ಚೆಂದವಾಗಿತ್ತು.

ಆ ಚೆಂದವನ್ನು ಕೆಡಿಸಿದವರು ಕಂಪನಿ ನೇಮಿಸಿಕೊಂಡಿದ್ದ ಸಲಹೆಗಾರರು. ಧಾರವಾಡದ ಕಡೆಯವರು, ಅಣೆಕಟ್ಟು ಸುರಂಗಗಳಲ್ಲಿ ಆಯುಷ್ಯ ಕಳೆದು ನಿವೃತ್ತರಾದವರು. ವಾರಕ್ಕೊಮ್ಮೆ ರೈಲಿನಲ್ಲಿ ಬಂದು, ಸ್ಟೇಷನ್ನಿನ ಎದುರಿನ ಲಾಡ್ಜಿನಲ್ಲಿ ಉಳಿದು, ನಮ್ಮ ಜೊತೆ ಎರಡು ದಿನ ಕಳೆದು ಹೋಗುತ್ತಿದ್ದರು. ನನ್ನ ಪಟ್ಟಿಯನ್ನು ಕನ್ನಡಕ ಏರಿಸಿ ಓದಿದರು.

“ಇದರಾಗ ಭೂಕಂಪ ಅಂತ ಅದ. ನಿಮಗ ಭೂಕಂಪದ ಹೆದರಿಕಿ ಅದ ಏನು?”

“ಇಲ್ರಿ ಸರ್.”

“ಮತ್ಯಾಕ ಬರದ್ರಿ?”

“ನಮೂನಿಯೊಳಗ ಇತ್ರಿ.”

ಅವರು ನಗಲಿಲ್ಲ. ಹಾಳೆಯನ್ನು ಮಡಚಿ ನನ್ನ ಕೈಗೆ ಕೊಟ್ಟರು. “ಖರೇನ ಹೆದರಿಕಿ ಇದ್ದವರನ್ನ ಹುಡುಕ್ರಿ ಮೊದಲ. ಬಣ್ಣ ಆಮ್ಯಾಲೆ ಹಚ್ಚೂಣಂತ.”

ಹುಡುಕಲು ಹೊರಟೆ. ಆಫೀಸಿನ ಜೀಪಿನಲ್ಲಿ ಕಂಪ್ಲಿಯಿಂದ ಸಂಡೂರಿನವರೆಗೆ ಪೈಪು ಹೋಗುವ ದಾರಿಯುದ್ದಕ್ಕೂ ಓಡಾಡಿದೆ. “ಏನಾದ್ರೂ ತೊಂದ್ರಿ ಐತೇನ್ರಿ?” ಎಂದು ಕೇಳಿದರೆ ಎಲ್ಲರದೂ ಒಂದೇ ಉತ್ತರ, ಏನೂ ಇಲ್ಲ. ಪೈಪಿನ ಗುತ್ತಿಗೆದಾರ ಆಂಧ್ರದಿಂದ ಬಂದು, ಇಲ್ಲಿ ಕ್ಯಾಂಪು ಎಂದು ಕರೆಯುವ ವಲಸಿಗರ ಹಳ್ಳಿಯಲ್ಲಿ ನೆಲೆಸಿದ ಮನೆತನದವನು. ತೆಲುಗಿನಷ್ಟೇ ಸಲೀಸಾಗಿ ನಮ್ಮ ಮಾತು ಆಡುತ್ತಿದ್ದ. “ಮೇಡಂ, ಮಸ್ತ್ ನಡದೈತಿ, ನೀವು ಆರಾಮಿರ್ರಿ” ಎಂದು ಚಹಾ ಕುಡಿಸಿ ಕಳಿಸಿದ.

ಮರುವಾರ ಸಲಹೆಗಾರರು ಪ್ರಶ್ನೆಯನ್ನೇ ತಿರುಗಿಸಿಕೊಟ್ಟರು. ತೊಂದರೆ ಇದೆಯೇ ಎಂದು ಕೇಳಿದರೆ ಮನುಷ್ಯ ತನ್ನ ಮರ್ಯಾದೆ ಕಾಯ್ದುಕೊಳ್ಳುತ್ತಾನೆ. ಅದರ ಬದಲು, ದಸರೆ ಬಂದಿದೆ ಎಂದುಕೋ, ನಮ್ಮ ಕೆಲಸ ಪೂರ್ತಿ ಕೆಟ್ಟುಹೋಗಿದೆ, ಯಾಕೆ ಕೆಟ್ಟಿತು ಹೇಳು ಎನ್ನಬೇಕು. ಮತ್ತೆ ಅದೇ ದಾರಿಯಲ್ಲಿ ಹೋದೆ. ಈ ಸಲ ಜನ ಬಾಯಿಬಿಟ್ಟರು. ಪಂಪ್‌ಹೌಸಿನ ಮ್ಯಾನೇಜರ್ ಹೊಳೆ ತುಂಬಿ ಬಂದದ್ದನ್ನು ಕಂಡವನ ಹಾಗೆ ವರ್ಣಿಸಿದ. ಗುತ್ತಿಗೆದಾರ ಒಂದು ಕ್ಷಣವೂ ಯೋಚಿಸಲಿಲ್ಲ.

“ನಮ್ಮ ಡ್ರೈವರ್ರು, ಆಪರೇಟರ್ರು ಎಲ್ಲ ಗಣಿಗೆ ಓಡಿಹೋಗಿರ್ತಾರ ಮೇಡಂ. ಮಿಷನ್ನೂ ಅಲ್ಲೇ ಹೋಗಿರ್ತಾವ. ಅಲ್ಲಿ ಸಿಗೋ ಬಾಡಿಗಿ ನಾ ಎಲ್ಲಿ ಕೊಡ್ಲಿ? ಅದ್ರಾಗೂ ಕಾಲಿವಿ ದಾಟೋ ಹೊತ್ನ್ಯಾಗ ಓಡಿಹೋದ್ರೋ, ಮುಗೀತು ನಮ್ ಕತಿ.”

ಕಾಲುವೆ. ಕೇಳಿದವರಲ್ಲಿ ಹೆಚ್ಚಿನವರು ಕೊನೆಗೆ ಅಲ್ಲಿಗೇ ಬಂದು ನಿಲ್ಲುತ್ತಿದ್ದರು. ಹಂಪಿಯ ಬಾಳೆತೋಟಗಳಿಗೆ ನೀರುಣಿಸುವಂಥದೇ ಒಂದು ಹಳೆಯ ಕಾಲುವೆ ಕಂಪ್ಲಿಯ ಕಡೆಯ ಗದ್ದೆಗಳಿಗೂ ಹರಿಯುತ್ತದೆ. ನಮ್ಮ ಪೈಪು ಅದರ ತಳದ ಕೆಳಗಿನಿಂದ ದಾಟಬೇಕಿತ್ತು. ವರ್ಷದಲ್ಲಿ ಹೆಚ್ಚಿನ ಕಾಲ ಅದರಲ್ಲಿ ನೀರಿರುತ್ತದೆ. ಬೇಸಿಗೆಯಲ್ಲಿ ಹೂಳೆತ್ತಿ ದುರಸ್ತಿ ಮಾಡಲೆಂದು ಕೆಲವು ವಾರ ಮಾತ್ರ ನಿಲ್ಲಿಸುತ್ತಾರೆ. ಆ ಅವಧಿಯೊಳಗೆ ಕಾಲುವೆಯನ್ನು ಅಡ್ಡ ಸೀಳಿ, ಪೈಪು ಇಳಿಸಿ, ಸುತ್ತ ಕಾಂಕ್ರೀಟು ಹಾಕಿ, ಮೇಲೆ ಮಣ್ಣು ತುಂಬಿ, ಏರಿಯನ್ನು ಮೊದಲಿದ್ದಂತೆ ಕಟ್ಟಿಕೊಡಬೇಕು. ಕಾಲುವೆಯ ಮೇಲಿನಿಂದ ಕಬ್ಬಿಣದ ಸೇತುವೆ ಕಟ್ಟಿ ಪೈಪು ಒಯ್ಯುವುದೂ ಒಂದು ದಾರಿಯಾಗಿತ್ತು. ಅದಕ್ಕೆ ಅನುಮತಿ, ನಕ್ಷೆ ಎಲ್ಲ ಸೇರಿ ಬಹಳ ದಿನ ಹಿಡಿಯುತ್ತದೆಂದು ಡೈರೆಕ್ಟರ್ ಕೈಬಿಟ್ಟಿದ್ದರು.

ಇಲ್ಲಿ ನನ್ನದೊಂದು ಸ್ವಂತದ ತೊಡಕಿತ್ತು. ನನ್ನ ತವರುಮನೆ ಕಂಪ್ಲಿ. ಅಣ್ಣ ಅಲ್ಲಿ ಅಕ್ಕಿ ಗಿರಣಿ ನಡೆಸುತ್ತಾನೆ. ಆ ಕಾಲುವೆಯ ಕೆಳಗೆ ಬೆಳೆದ ಭತ್ತವೇ ಗಿರಣಿಗೆ ಬರುವುದು. ಸಲಹೆಗಾರರಿಗೆ ಇದನ್ನು ಹೇಳಿದಾಗ, “ಮೊದಲ ಎಲ್ಲಾರ ಎದುರಿಗೆ ಹೇಳಿಬಿಡ್ರಿ. ಆಮ್ಯಾಲೆ ಯಾರರೇ ಎತ್ತಿ ಆಡೂ ಮೊದಲ” ಎಂದರು. ಜೊತೆಗೆ, ಆ ಬೇಸಿಗೆಯಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದ ಪಾಠವನ್ನೂ ಕಲಿಸಿದರು. ಕೆಲಸ ಶುರುವಾಗುವ ಮೊದಲೇ, ಎಲ್ಲರ ತಲೆ ತಣ್ಣಗಿರುವಾಗಲೇ, ಹಿಂತಿರುಗುವ ಗೆರೆಯೊಂದನ್ನು ಎಳೆದುಕೊಳ್ಳಬೇಕು. ಇಂಥ ದಿನದೊಳಗೆ ಪೈಪು ತಳಕ್ಕೆ ಇಳಿದಿರದಿದ್ದರೆ, ಮುಂದೆ ಅಗೆಯುವ ಮಾತಿಲ್ಲ, ಮುಚ್ಚುವುದೇ.

ಆ ದಿನವನ್ನು ಗೊತ್ತುಮಾಡಲು ಹಿಂದಿನಿಂದ ಲೆಕ್ಕ ಹಾಕಿದೆವು. ನೀರಾವರಿ ಇಲಾಖೆಯಿಂದ ಆ ಕಾಲುವೆ ನೋಡಿಕೊಳ್ಳುತ್ತಿದ್ದ ಎಂಜಿನಿಯರ್ ನಮ್ಮ ಜೊತೆ ಕುಳಿತರು. ಹೊಸಪೇಟೆಯವರೇ, ಕಡಿಮೆ ಮಾತಿನವರು. ಏರಿಯ ಮಣ್ಣನ್ನು ಒಮ್ಮೆಗೇ ಸುರಿದರೆ ನಿಲ್ಲುವುದಿಲ್ಲ. ಗೇಣು ಗೇಣು ಪದರ ಹಾಕಿ, ನೀರು ಚಿಮುಕಿಸಿ, ರೋಲರ್ ಹೊಡೆದು, ಪ್ರತಿ ಪದರ ಗಟ್ಟಿಯಾದದ್ದನ್ನು ನೋಡಿ ಮುಂದಿನದಕ್ಕೆ ಹೋಗಬೇಕು. ಅದರ ಮೇಲೆ ಕಲ್ಲಿನ ಹೊದಿಕೆ. ಇಷ್ಟಕ್ಕೆ ಬೇಕಾದ ದಿನಗಳನ್ನು ನೀರು ಬಿಡುವ ದಿನದಿಂದ ಹಿಂದಕ್ಕೆ ಕಳೆದಾಗ ಗೆರೆ ಎಲ್ಲಿ ಬೀಳಬೇಕೆಂದು ತಿಳಿಯಿತು.

ಸಭೆಯಲ್ಲಿ ಅದನ್ನು ಮುಂದಿಟ್ಟು, ನನ್ನ ತವರಿನ ವಿಷಯವನ್ನೂ ಹೇಳಿದೆ. ಗೆರೆಯ ದಿನ ಬಂದಾಗ ತೀರ್ಮಾನ ನನ್ನೊಬ್ಬಳದಾಗಬಾರದು, ಗುತ್ತಿಗೆದಾರ ಮತ್ತು ನೀರಾವರಿ ಎಂಜಿನಿಯರ್ ಕೂಡ ನನ್ನೊಂದಿಗಿರಬೇಕು ಎಂದೆ. ಡೈರೆಕ್ಟರ್ ಮೊಬೈಲ್ ನೋಡುತ್ತಲೇ, “ಸರಿ, ಮೂವರೂ ಸೇರಿ ಹೇಳಿದ್ದೇ ಆಗ್ಲಿ. ಆ ದಿನದ ತನಕ ಯಾಕೆ ಹೋಗುತ್ತೆ ಬಿಡಿ, ಅದಕ್ಕೆ ಮೊದಲೇ ಮುಗಿದಿರುತ್ತೆ” ಎಂದರು.

ಕಾಲುವೆ ನಿಂತಿತು. ಎರಡು ದಿನ ತಳದಲ್ಲಿ ಕೆಸರು, ಗುಂಡಿಗಳಲ್ಲಿ ಮೀನು ಹಿಡಿಯುವವರ ಗಲಾಟೆ. ಮೂರನೆಯ ದಿನ ನಮ್ಮ ಯಂತ್ರ ಇಳಿಯಿತು. ಆರಂಭ ನಾವಂದುಕೊಂಡದ್ದಕ್ಕಿಂತ ಚೆನ್ನಾಗಿತ್ತು. ಎರಡೂ ಕಡೆಯ ಏರಿ ಬಿಡಿಸಿ, ಹೊದಿಕೆಯ ಕಲ್ಲುಗಳನ್ನು ಪಕ್ಕಕ್ಕೆ ಜೋಡಿಸಿ, ಕಾಲುವೆಯ ಅಗಲಕ್ಕೂ ಗುಂಡಿ ತೋಡುತ್ತ ಹೋದರು. ಡೈರೆಕ್ಟರ್ ಬಂದು ನೋಡಿ ಗುತ್ತಿಗೆದಾರನ ಬೆನ್ನು ತಟ್ಟಿದರು.

ಆಮೇಲೆ ಬಂಡೆ ಸಿಕ್ಕಿತು. ಮೊದಲು ಪರೀಕ್ಷೆಗೆಂದು ದಂಡೆಗಳಲ್ಲಿ ಗುಂಡಿ ತೋಡಿ ನೋಡಿದ್ದೆವು, ಮಣ್ಣು ಸಿಕ್ಕಿತ್ತು. ನೀರು ಹರಿಯುತ್ತಿದ್ದ ನಡುಭಾಗವನ್ನು ನೋಡುವ ದಾರಿ ಆಗ ಯಾರಿಗೂ ಇರಲಿಲ್ಲ. ಆ ನಡುವಿನಲ್ಲೇ ಗ್ರಾನೈಟಿನ ಬಂಡೆಯೊಂದು ಆನೆ ಮಲಗಿದ ಹಾಗೆ ಮಲಗಿತ್ತು. ಸಿಡಿಮದ್ದು ಇಡುವಂತಿಲ್ಲ, ಹಳೆಯ ಕಲ್ಲಿನ ಏರಿ ಬಿರುಕುಬಿಟ್ಟೀತು. ಯಂತ್ರದ ತೋಳಿಗೆ ಸಿಕ್ಕಿಸುವ ದೊಡ್ಡ ಉಳಿಯಂಥ ಬ್ರೇಕರಿನಿಂದ ಚೂರು ಚೂರೇ ಒಡೆಯಬೇಕು.

ಬ್ರೇಕರ್ ಎಲ್ಲಿದೆ? ಗುತ್ತಿಗೆದಾರ ಮೊದಲೇ ಮಾತಾಡಿಟ್ಟಿದ್ದ ಯಂತ್ರದ ಮಾಲೀಕ ಅದನ್ನು ಆ ವಾರವಷ್ಟೇ ಸಂಡೂರಿನ ಗಣಿಯೊಂದಕ್ಕೆ ಕಳಿಸಿಬಿಟ್ಟಿದ್ದ. ನಾನೂ ಗುತ್ತಿಗೆದಾರನೂ ಜೀಪು ಹತ್ತಿ ಹುಡುಕಲು ಹೊರಟೆವು. ಹೊಸಪೇಟೆಯ ಯಾರ್ಡುಗಳು, ತೋರಣಗಲ್ಲಿನ ರಸ್ತೆಬದಿಯ ಗ್ಯಾರೇಜುಗಳು, ದೋಣಿಮಲೈಯ ದಾರಿಯ ತಿರುವುಗಳು. ಅದಿರಿನ ಲಾರಿಗಳ ನಡುವೆ ಸಿಕ್ಕಿಬಿದ್ದು, ಕಿಟಕಿ ಮುಚ್ಚಿದರೆ ಬೇಯುತ್ತ, ತೆರೆದರೆ ಧೂಳು ಕುಡಿಯುತ್ತ ದಿನ ಕಳೆದೆವು. ಒಬ್ಬ ಮಾಲೀಕ ನಮ್ಮನ್ನು ಕೂರಿಸಿ, ಕರುಣೆಯಿಂದಲೇ ಹೇಳಿದ:

“ಮೇಡಮ್ಮಾರ, ನೀವು ಒಂದ್ ವಾರಕ್ಕ ಕೇಳ್ತೀರಿ. ಗಣ್ಯಾಗ ಅವ್ರು ವರ್ಷಾನುಗಟ್ಲೆ ಇಟ್ಕೊಂತಾರ. ನಿಮ್ಮ ಕಾಲಿವಿಗೆ ಯಾರ್ ಬರ್ತಾರ್ರಿ?”

ಕಡೆಗೆ ಹಳೆಯದೊಂದು ಬ್ರೇಕರ್ ಸಿಕ್ಕಿತು. ಅರ್ಧ ದಿನ ಒಡೆದರೆ ಅರ್ಧ ದಿನ ರಿಪೇರಿ. ಅದರ ಆಪರೇಟರ್ ಒಂದು ಬೆಳಿಗ್ಗೆ ಬರಲೇ ಇಲ್ಲ, ಗಣಿಗೆ ಹೋದನೆಂದು ತಿಳಿಯಿತು. ಇನ್ನೊಬ್ಬನನ್ನು ಗಂಗಾವತಿಯಿಂದ ಕರೆತಂದೆವು. ಜನರನ್ನು ಕೇಳಿ ನಾವು ಹೊಸ ಪಟ್ಟಿಯಲ್ಲಿ ಬರೆದಿದ್ದ ಅಪಾಯಗಳು ಒಂದೊಂದಾಗಿ ಬಂದು ಹಾಜರಿ ಹಾಕುತ್ತಿದ್ದವು. ಮೊದಲೇ ಬರೆದಿದ್ದೆವು ಎಂಬುದರಿಂದ ಬಂಡೆ ಮೆತ್ತಗಾಗಲಿಲ್ಲ.

ಆಮೇಲೆ ಮುಂಗಾರಿಗೆ ಮೊದಲಿನ ಗುಡುಗು ಮಳೆ. ಒಂದು ಸಂಜೆ ಸುರಿದದ್ದಕ್ಕೆ ಗುಂಡಿಯ ಒಂದು ಮಗ್ಗುಲು ಕುಸಿದು ಒಡೆದ ಕಲ್ಲಿನ ಮೇಲೆ ಕೂತಿತು. ಅದನ್ನು ಎತ್ತಿ ಹಾಕಿ, ಪಂಪು ಹಚ್ಚಿ ನೀರು ಬಸಿದು, ಮತ್ತೆ ಬಂಡೆಯ ಮುಖ ನೋಡುವಷ್ಟರಲ್ಲಿ ಒಂದು ವಾರದ ಹೆಚ್ಚಿನ ಭಾಗ ಹೋಗಿತ್ತು. ನನಗೆ ಜ್ವರ ಬಂತು, ಬಿಟ್ಟಿತು, ಮತ್ತೆ ಬಂತು. ಮಾತ್ರೆ ನುಂಗಿ ಏರಿಯ ಮೇಲೆ ನಿಂತಿರುತ್ತಿದ್ದೆ. ಬ್ರೇಕರಿನ ಸದ್ದು ನಿಂತ ಮೇಲೂ ಕಿವಿಯಲ್ಲಿ ಅದೇ ಬಡಿತ. ಯಾರಾದರೂ ಪ್ರೀತಿಯಿಂದ ಮಾತಾಡಿಸಿದರೂ ಸಿಟ್ಟು ಬರುವಷ್ಟು ದಣಿದಿದ್ದೆ.

“ಎಷ್ಟ್ ದಿನ ಬೇಕು?” ಎಂದು ದಿನವೂ ಕೇಳುತ್ತಿದ್ದೆ.

“ಮೂರು ದಿನ ಮೇಡಂ” ಎನ್ನುತ್ತಿದ್ದ ಗುತ್ತಿಗೆದಾರ. ದಿನ ಕಳೆದಂತೆ ಆ ಮೂರು ಎರಡಾಗಲೇ ಇಲ್ಲ.

ಆ ಹೊತ್ತಿಗೆ ಕಾಲುವೆಯ ಕೆಳಗಿನ ಗದ್ದೆಗಳಲ್ಲಿ ಸಸಿಮಡಿಗೆ ಭತ್ತ ಚೆಲ್ಲುವ ತಯಾರಿ ನಡೆದಿತ್ತು. ಬೋರ್‌ವೆಲ್ ಇದ್ದ ಕೆಲವರು ಆಗಲೇ ಚೆಲ್ಲಿದ್ದರು. ಬಾಳೆ ನೀರಿಗಾಗಿ ಕಾಯುತ್ತ ಎಲೆ ಜೋತುಬಿಟ್ಟು ನಿಂತಿತ್ತು. ಒಂದು ಮಧ್ಯಾಹ್ನ ಅಣ್ಣ ಸ್ಕೂಟರಿನಲ್ಲಿ ಬಂದ. ಗುಂಡಿಯನ್ನೂ ನನ್ನನ್ನೂ ನೋಡಿ ಹೇಳಿದ:

“ಗಿರಣಿಗೆ ಬಂದಾವ್ರೆಲ್ಲ ನನ್ನ ಕೇಳಾಕತ್ಯಾರ. ನಿನ್ ತಂಗಿ ಕಾಲಿವಿ ಹರದು ಕುಂತಾಳ, ನೀರ್ ಬರ್ತೈತೋ ಇಲ್ಲೋ ಅಂತ. ನಾ ಏನ್ ಹೇಳ್ಲಿ?”

“ಬರೋ ದಿನಕ್ಕ ಬರ್ತೈತಿ ಅಂತ ಹೇಳು.”

“ಖರೇನ?”

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಅಣ್ಣನಿಗೊಂದು ಊರಿಗೊಂದು ಹೇಳುವಂತಿರಲಿಲ್ಲ. “ನಂಗ ಹೇಳಾಕ ಬರಂಗಿಲ್ಲ ಅಣ್ಣ. ಎಲ್ಲಾರಿಗೂ ತಿಳಿಯೋವಾಗ ನಿನಗೂ ತಿಳೀತೈತಿ” ಎಂದೆ. ಅವನು ಬೇಸರ ಮಾಡಿಕೊಂಡು ಸ್ಕೂಟರ್ ತಿರುಗಿಸಿದ. ಅಮ್ಮ ಕಟ್ಟಿಕೊಟ್ಟಿದ್ದ ರೊಟ್ಟಿ ಬುತ್ತಿಯನ್ನು ಮಾತ್ರ ಜೀಪಿನ ಸೀಟಿನ ಮೇಲೆ ಇಟ್ಟುಹೋಗಿದ್ದ.

ಗೆರೆಯ ದಿನ ಬಂತು. ಬಂಡೆಯಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಹೋಗಿತ್ತು. ಪೈಪು ದಂಡೆಯ ಮೇಲೇ ಇತ್ತು. ನಾನು ಬೆಳಿಗ್ಗೆಯೇ ಡೈರೆಕ್ಟರಿಗೆ ಫೋನು ಮಾಡಿ, ಮುಚ್ಚುವ ದಿನ ಇವತ್ತು ಎಂದೆ. “ಏನೂ ಮಾಡಬೇಡಿ, ನಾನು ಬರ್ತಿದೀನಿ” ಎಂದರು.

ಬಂದವರು ಕಾರಿನಿಂದ ಇಳಿಯುತ್ತಲೇ ಶುರುಮಾಡಿದರು. “ಇಷ್ಟು ದೂರ ಬಂದು ಮುಚ್ಚೋದು ಅಂದ್ರೇನ್ರೀ? ಒಂದು ವಾರ ನೀರು ತಡ ಮಾಡಿಸಿದ್ರೆ ಆಯ್ತು. ನಾನು ಮೇಲಿನವರ ಹತ್ರ ಮಾತಾಡ್ತೀನಿ.”

ಅವರು ಬರೀ ಬಾಯಿಮಾತಿಗೆ ಹೇಳುತ್ತಿರಲಿಲ್ಲ. ಗಣಿಯವರು ಫೋನು ಮಾಡಿದರೆ ಸರ್ಕಾರದಲ್ಲಿ ಎಂಥವರೂ ಎತ್ತುವ ಕಾಲ ಅದು. ನೀರು ತಡವಾಗುವಂತೆ ಮಾಡುವುದು ಅವರಿಂದ ಆಗುತ್ತಿತ್ತೆಂದೇ ನನ್ನ ನಂಬಿಕೆ. ಅದೇ ನನಗೆ ಕಷ್ಟವಾದದ್ದು. ಆಗುವುದೇ ಇಲ್ಲ ಎಂದಿದ್ದರೆ ತೀರ್ಮಾನ ತಾನೇ ಆಗಿಬಿಡುತ್ತಿತ್ತು.

ಹಿಂದಿನ ವಾರಗಳಲ್ಲಿ ನಾನು ಪಟ್ಟಿಯ ಪ್ರತಿ ಅಪಾಯದ ಮುಂದೆ ಹೊಣೆ ಯಾರದು ಎಂದು ಒಂದು ಹೆಸರು ಬರೆದಿದ್ದೆ. ಯಂತ್ರ ಸಿಗದಿದ್ದರೆ ಗುತ್ತಿಗೆದಾರ, ಪೈಪು ತಡವಾದರೆ ಖರೀದಿಯವರು, ಹೀಗೆ. ಏರಿಯ ಮೇಲೆ ನಿಂತಾಗ ನನಗೆ ಒಂದು ವಿಷಯ ಕಣ್ಣಿಗೆ ಹೊಡೆದಂತೆ ಕಂಡಿತು. ನೀರು ತಡವಾದರೆ, ಇಲ್ಲವೇ ಅವಸರದಲ್ಲಿ ಮುಚ್ಚಿದ ಏರಿ ಒಡೆದರೆ, ಪೆಟ್ಟು ತಿನ್ನುವ ರೈತರ ಹೆಸರು ನಮ್ಮ ಹಾಳೆಯಲ್ಲಿ ಎಲ್ಲೂ ಇರಲಿಲ್ಲ. ಅವರು ಯಾವ ಸಭೆಗೂ ಬಂದಿರಲಿಲ್ಲ. ಅಪಾಯ ಅವರದು, ದಿನ ಗೊತ್ತುಮಾಡುವವರು ನಾವು.

“ಸರ್, ಇವತ್ತು ಮುಚ್ಚಬೇಕ್ರಿ” ಎಂದೆ.

ಅವರ ಮುಖ ಬಿಗಿಯಿತು. “ನಿಮ್ಮ ತವರುಮನೆ ಭತ್ತದ ಚಿಂತೆ ನಿಮಗೆ. ಕಂಪನಿ ಚಿಂತೆ ಯಾರು ಮಾಡಬೇಕು?”

ಇದು ಬರುತ್ತದೆಂದು ಗೊತ್ತಿತ್ತು. ಗೊತ್ತಿದ್ದೂ ಕಣ್ಣು ತುಂಬಿತು, ದಣಿವಿಗೆ. “ಅದಕ್ಕ ಸರ್, ನಾ ಒಬ್ಬಾಕಿ ಹೇಳೋದು ಬ್ಯಾಡ ಅಂತ ಅವತ್ತೇ ಹೇಳಿದ್ದೆ. ಇವರಿಬ್ಬರನ್ನೂ ಕೇಳ್ರಿ.”

ನೀರಾವರಿ ಎಂಜಿನಿಯರ್ ಗುಂಡಿಯ ಕಡೆ ನೋಡುತ್ತಲೇ ಹೇಳಿದರು: “ನೀರು ತಡ ಆಗ್ಲಿ ಬಿಡ್ಲಿ, ಅದು ನನ್ನ ಕೈಯಾಗ ಇಲ್ರಿ. ಏರಿ ನನ್ನ ಕೈಯಾಗ ಐತಿ. ನಾಳಿಂದ ಮಣ್ಣು ಹಾಕಾಕ ಶುರು ಮಾಡ್ಲಿಲ್ಲಂದ್ರ ಇದು ನಿಲ್ಲತೈತಿ ಅಂತ ನಾ ಸಹಿ ಮಾಡಂಗಿಲ್ಲ.”

ಎಲ್ಲರೂ ಗುತ್ತಿಗೆದಾರನ ಕಡೆ ತಿರುಗಿದೆವು. ಅವನಿಗೆ ಮುಂದೆ ಬೇಕಾಗುವ ಕೆಲಸಗಳೆಲ್ಲ ಡೈರೆಕ್ಟರರ ಕೈಯಲ್ಲಿದ್ದವು. ಅವರಿಗೆ ಬೇಕಾದ ಉತ್ತರ ಯಾವುದೆಂದು ಅವನಿಗೂ ಗೊತ್ತಿತ್ತು. ಟೋಪಿ ತೆಗೆದು ಬೆವರು ಒರೆಸಿಕೊಂಡ. ಬಂಡೆಯನ್ನು ನೋಡಿದ. ಬ್ರೇಕರ್ ಮತ್ತೆ ಕೆಟ್ಟು ನಿಂತಿತ್ತು.

“ಮೂರು ದಿನ ಮೂರು ದಿನ ಅಂತ ನಾನು ಹೇಳ್ತಾನೇ ಬಂದೀನಿ ಸಾರ್” ಎಂದ. ಆಮೇಲೆ ಬಹಳ ಸಣ್ಣ ದನಿಯಲ್ಲಿ, “ಆಗಂಗಿಲ್ಲ ಸಾರ್. ಈ ವಾರದಾಗೂ ಆಗಂಗಿಲ್ಲ. ಮುಚ್ಚೋಣು.”

ಡೈರೆಕ್ಟರ್ ನಮ್ಮ ಮೂವರನ್ನೂ ಒಮ್ಮೆ ನೋಡಿ, ಕಾರು ಹತ್ತಿ ಹೊರಟರು. ಮುಚ್ಚಿ ಎನ್ನಲಿಲ್ಲ, ಬೇಡವೆಂದೂ ಹೇಳಲಿಲ್ಲ. ನಾನು ಅದನ್ನು ಒಪ್ಪಿಗೆ ಎಂದೇ ತೆಗೆದುಕೊಂಡೆ.

ಅಗೆದದ್ದನ್ನು ಮುಚ್ಚುವ ಕೆಲಸದಷ್ಟು ಬೇಸರದ್ದು ಇನ್ನೊಂದಿಲ್ಲ. ಅಷ್ಟು ಜನರ ಬೆವರಿನ ಗುಂಡಿಗೆ ಜಿಗುಟು ಮಣ್ಣನ್ನು ಪದರ ಪದರವಾಗಿ ಸುರಿದು, ರೋಲರ್ ಓಡಿಸಿ, ಮಾದರಿ ತೆಗೆದು, ಮತ್ತೆ ಸುರಿದು, ಕಡೆಗೆ ಮೊದಲು ಏನಿತ್ತೋ ಅದನ್ನೇ ಕಾಣುವುದು. ಎರಡು ಸಲ ಪದರ ಗಟ್ಟಿಯಾಗಿಲ್ಲವೆಂದು ನೀರಾವರಿ ಎಂಜಿನಿಯರ್ ತೆಗೆಸಿ ಮತ್ತೆ ಹಾಕಿಸಿದರು. ನಡುವೆ ಮಳೆ ಬಂದಾಗ ಟಾರ್ಪಾಲಿನ್ ಹೊದಿಸಿ ಕಾದೆವು. ಕಲ್ಲಿನ ಹೊದಿಕೆ ಮುಗಿದದ್ದು ನೀರು ಬಿಡಬೇಕಾದ ದಿನಕ್ಕೆ ಮೊದಲಿನ ಸಂಜೆ.

ಆ ದಿನ ನೀರು ಬರಲಿಲ್ಲ.

ಮರುದಿನವೂ ಬರಲಿಲ್ಲ. ಕಾಲುವೆಗೆ ನೀರು ಕೊಡುವ ಜಲಾಶಯಕ್ಕೆ ಒಳಹರಿವು ಸಾಲದೆಂದು ನೀರು ಬಿಡುವುದನ್ನು ಮುಂದಕ್ಕೆ ಹಾಕಿದ್ದರು. ಯಾರೂ ಫೋನು ಮಾಡಿ ತಡೆಸಿದ್ದಲ್ಲ, ಆಕಾಶದ ತಡ ಅಷ್ಟೇ. ಡೈರೆಕ್ಟರ್ ಕೇಳಿದ ಒಂದು ವಾರ ಕೇಳದೆಯೇ ಸಿಕ್ಕಿಬಿಟ್ಟಿತ್ತು.

ಅವರ ಫೋನು ಬಂತು. ಸಿಟ್ಟು ಮಾಡಲಿಲ್ಲ, ಅದು ಇನ್ನೂ ಕಷ್ಟವಾಯಿತು. “ನೋಡಿದ್ರಾ?” ಎಂದಷ್ಟೇ ಕೇಳಿ ಇಟ್ಟರು. ಮುಂದಿನ ಸಭೆಗೆ ನನ್ನನ್ನು ಕರೆಯಲಿಲ್ಲ. ಆಫೀಸಿನಲ್ಲಿ ಘಟಕದ ಮ್ಯಾನೇಜರ್, “ಮೇಡಮ್ಮರ ಗೆರಿ ಭಾಳ ಕಾಸ್ಟ್ಲಿ ಬಿತ್ತು” ಎಂದದ್ದು ನನ್ನ ಕಿವಿಗೂ ಬಿತ್ತು. ಕಂಪ್ಲಿಯಲ್ಲಿ ಜನ, ಕಾಲುವೆ ಅಗೆದದ್ದಕ್ಕೇ ನೀರು ತಡವಾಯಿತೆಂದು ಅಣ್ಣನ ಎದುರಿಗೇ ಆಡಿಕೊಂಡರಂತೆ. ಎರಡೂ ಕಡೆಯಿಂದ ಬಂದದ್ದನ್ನು ಹೊತ್ತುಕೊಂಡೆ.

ಸಲಹೆಗಾರರು ಆ ವಾರ ಬಂದಾಗ ನಾನು ಕೇಳಿದೆ: “ಸರ್, ನಂದು ತಪ್ಪಾತೇನ್ರಿ?”

“ಆ ದಿನ ನಿಮಗ ಗೊತ್ತಿತ್ತೇನು, ನೀರು ತಡ ಆಗ್ತದ ಅಂತ?”

“ಇಲ್ರಿ.”

“ಗೊತ್ತಿದ್ದದ್ದರ ಮ್ಯಾಲೆ ತೀರ್ಮಾನ ಮಾಡಿದ್ರಿ. ಇವತ್ತು ತಿಳದದ್ದನ್ನ ಅವತ್ತಿನ ತಲಿಯೊಳಗ ತುರುಕಬ್ಯಾಡ್ರಿ.” ಮತ್ತೆ ಸೇರಿಸಿದರು: “ಆದ್ರ ಇದನ್ನ ಯಾರೂ ನಿಮಗ ಒಪ್ಪಿ ಹೇಳೂದಿಲ್ಲ. ಈ ಕೆಲಸದಾಗ ಅದೂ ಒಂದು ಕಲೀಬೇಕು.”

ಸಭೆಗೆ ಕರೆಯದಿದ್ದರೂ ಕೆಲಸ ಇದ್ದೇ ಇತ್ತು. ಕೈಬಿಟ್ಟಿದ್ದ ಸೇತುವೆಯ ದಾರಿಯನ್ನು ಮತ್ತೆ ಕೈಗೆತ್ತಿಕೊಂಡೆ. ಕಾಲುವೆಯ ಎರಡೂ ಬದಿ ಕಂಬ ಎಲ್ಲಿ ನಿಲ್ಲಬೇಕು, ಯಾವ ಅನುಮತಿ ಯಾರಿಂದ ಬರಬೇಕು, ಯಾವುದು ಬರದಿದ್ದರೆ ಏನು ನಿಲ್ಲುತ್ತದೆ, ಇವನ್ನೆಲ್ಲ ಆಯಾ ಜನರನ್ನೇ ಕೇಳಿ ಬರೆಯುತ್ತ ಹೋದೆ. ಅವರ ದನಿಯಲ್ಲಿ ಎಲ್ಲಿ ಅನುಮಾನ ಇಣುಕುತ್ತದೆಂದು ಗುರುತಿಸುವುದು ಆ ಹೊತ್ತಿಗೆ ನನಗೆ ಸ್ವಲ್ಪ ಬರುತ್ತಿತ್ತು.

ಕಡೆಗೆ ನೀರು ಬಿಟ್ಟರು. ನಾನು ಬೆಳಿಗ್ಗೆಯೇ ಕಂಪ್ಲಿಗೆ ಹೋದೆ. ನೀರಾವರಿ ಎಂಜಿನಿಯರ್ ಏರಿಯ ಮೇಲಿದ್ದರು. ಗುತ್ತಿಗೆದಾರ ಮರಳಿನ ಚೀಲಗಳನ್ನು ತುಂಬಿಸಿ ಸಾಲಾಗಿ ಇಟ್ಟುಕೊಂಡು ಕೂತಿದ್ದ. ನೀರು ತನ್ನ ಮುಂದೆ ನೊರೆ, ಒಣಗಿದ ಬಾಳೆಯ ಸಿಪ್ಪೆ, ಪ್ಲಾಸ್ಟಿಕ್ಕು, ಹರಿದ ಚಪ್ಪಲಿಗಳನ್ನೆಲ್ಲ ದಬ್ಬಿಕೊಂಡು ನಿಧಾನ ಬಂತು. ನಮ್ಮ ಹೊಸ ಕಲ್ಲಿನ ಹೊದಿಕೆಯನ್ನು ಮುಟ್ಟಿತು, ದಾಟಿ ಮುಂದೆ ಹೋಯಿತು, ಮತ್ತೆ ಏರತೊಡಗಿತು. ನಾವು ಮೂವರೂ ಏರಿಯ ಹೊರಮೈಯನ್ನೇ ನೋಡುತ್ತ ನಿಂತೆವು.

ಮಧ್ಯಾಹ್ನದ ಊಟದ ಹೊತ್ತಿಗೆ ಹೊರಮೈಯ ಕೆಳಭಾಗದಲ್ಲಿ ಅಂಗೈಯಗಲ ಒದ್ದೆ ಕಾಣಿಸಿತು. ಆಮೇಲೆ ಅದು ಚಾಪೆಯಗಲವಾಯಿತು. ಅದರ ಬುಡದಿಂದ ನೂಲಿನಂಥ ಒರತೆಯೊಂದು ಇಳಿಯಿತು.

“ಬಂತ್ರಿ” ಎಂದ ಗುತ್ತಿಗೆದಾರ. ಅವನ ಮುಖ ಬಿಳಿಚಿತ್ತು.

ನೀರಾವರಿ ಎಂಜಿನಿಯರ್ ಅವಸರಪಡಲಿಲ್ಲ. “ರಾಡಿ ಬಂದ್ರ ಮಣ್ಣು ಕೊಚ್ಚಿಕೊಂಡು ಬರಾಕತ್ತೈತಿ ಅಂತ. ತಿಳಿ ಬಂದ್ರ ಬರೀ ಬೆವರು. ನೋಡೂಣು” ಎಂದರು.

ನಾನು ಏರಿಯ ಇಳಿಜಾರಿನಲ್ಲಿ ಜಾರಿಕೊಂಡೇ ಕೆಳಗಿಳಿದೆ. ಫ್ಲಾಸ್ಕಿನ ಸ್ಟೀಲ್ ಮುಚ್ಚಳವನ್ನು ಒರತೆಗೆ ಹಿಡಿದೆ. ತುಂಬಲು ಬಹಳ ಹೊತ್ತು ಹಿಡಿಯಿತು. ತುಂಬಿದ ಮೇಲೆ ನೆರಳಿಗೆ ತಂದು, ಕಣ್ಣು ಕಿರಿದು ಮಾಡಿ ನೋಡಿದೆ. ಮುಚ್ಚಳದ ತಳದ ಗೀರುಗಳು ನೀರಿನೊಳಗಿಂದ ಒಂದೊಂದೂ ಕಾಣುತ್ತಿದ್ದವು.

ಮತ್ತೆ ಮತ್ತೆ ಹಿಡಿದು ನೋಡಿದೆವು. ಒರತೆ ಹೆಚ್ಚಲಿಲ್ಲ, ಕದಡಲೂ ಇಲ್ಲ. ಕಾಲುವೆ ತನ್ನ ಮಟ್ಟಕ್ಕೆ ಏರಿ, ತೂಬುಗಳಿಂದ ಗದ್ದೆಗಳಿಗೆ ಇಳಿಯುವ ಸದ್ದು ಕೇಳತೊಡಗಿತು.

ನಾಲ್ಕು ಗಂಟೆಯ ಸುಮಾರಿಗೆ ಡೈರೆಕ್ಟರರ ಫೋನು ಬಂತು. ಏರಿ ಹೇಗಿದೆ ಎಂದು ಕೇಳಿದರು, ಹೇಳಿದೆ. “ಸೇತುವೆ ಮೇಲೆ ಒಯ್ಯೋದಾದ್ರೆ ಎಷ್ಟು ದಿನ? ನೀವೇನೋ ಕೆಲಸ ಮಾಡಿಟ್ಟಿದೀರಂತೆ.”

“ಇವತ್ತು ಹೇಳಾಕ ಆಗಂಗಿಲ್ಲ ಸರ್. ಎಲ್ಲಾರನ್ನೂ ಕೂಡಿಸಿ ಕೇಳಿ ಹೇಳ್ತೀನಿ.”

“ಸೋಮವಾರ ಸಭೆಗೆ ಬನ್ನಿ” ಎಂದು ಇಟ್ಟರು. ಹೊಗಳಿಕೆಯಿಲ್ಲ, ಕ್ಷಮೆಯಂತೂ ಇಲ್ಲವೇ ಇಲ್ಲ. ಆ ಪೈಪು ಕಾಲುವೆ ದಾಟಿದ್ದು ಮರುವರ್ಷ, ಕೆಳಗಿನಿಂದಲ್ಲ, ಮೇಲಿನಿಂದ. ಅಷ್ಟರಲ್ಲಿ ಘಟಕ ಕಟ್ಟಿ ಮುಗಿದು, ನೀರಿಲ್ಲದೆ ಧೂಳು ಹಿಡಿದು ತಿಂಗಳುಗಟ್ಟಲೆ ನಿಂತಿತ್ತು. ಆ ತಿಂಗಳುಗಳನ್ನು ಯಾವ ವೇಳಾಪಟ್ಟಿಯೂ ಮರಳಿ ತರಲಿಲ್ಲ.

ಫೋನು ಇಟ್ಟ ಮೇಲೂ ನಾನು ಒರತೆಯ ಪಕ್ಕದಲ್ಲೇ ಕೂತಿದ್ದೆ. ನೀರಾವರಿ ಎಂಜಿನಿಯರ್ ಮೇಲಿನಿಂದ ಬಗ್ಗಿ ನೋಡಿದರು.

“ನೀವು ಹೋಗ್ರಿ ಮೇಡಂ. ತಂಗಿ ಮಕದಾಗ ಜೀವ ಇಲ್ಲ ಅಂತ ನಿಮ್ಮಣ್ಣಾರು ಆಗಿಂದ ಸ್ಕೂಟರ್ ಹಚ್ಕೊಂಡು ನಿಂತಾರ. ಇನ್ನ ನಾ ನೋಡ್ಕೊಂತೀನಿ.”

‘ಇನ್ನ ನಾ ನೋಡ್ಕೊಂತೀನಿ.’ ಆ ಬೇಸಿಗೆಯುದ್ದಕ್ಕೂ ಈ ಮಾತನ್ನು ನನಗೆ ಯಾರೂ ಹೇಳಿರಲಿಲ್ಲ. ಮುಚ್ಚಳದ ನೀರನ್ನು ಚೆಲ್ಲಿ, ಕೈ ಒರೆಸಿಕೊಂಡು, ಏರಿ ಹತ್ತಿ ಹೋದೆ.